ಹನ್ನೊಂದು ಗಂಟೆಗೆ, ಸ್ವಗ್ರಾಮದಲ್ಲಿ

ದೂರು ಕೊಡಲು ಬಂದವನ ಹೆಸರೂ ಅವನು ಮೇಜಿನ ಮೇಲೆ ಇಟ್ಟ ಶ್ರದ್ಧಾಂಜಲಿ ಚಿತ್ರದಲ್ಲಿದ್ದ ಹೆಸರೂ ಒಂದೇ ಆಗಿತ್ತು.

ಔರಾದ ಪೊಲೀಸ್ ಠಾಣೆ, ಅಕ್ಟೋಬರ್ ಹದಿನಾಲ್ಕರ ಮಧ್ಯಾಹ್ನ. ಜಿಲ್ಲೆಯಲ್ಲಿ ಇಂಟರ್ನೆಟ್ ಮತ್ತೆ ಶುರುವಾಗಿತ್ತು, ಕರ್ಫ್ಯೂ ಸಡಿಲವಾಗಿತ್ತು. ನೇಮಕಾತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಿದೆ, ಆಯ್ಕೆಪಟ್ಟಿ ರದ್ದಾಗಬೇಕು ಎಂದು ಬೀದಿಗೆ ಇಳಿದ ಹುಡುಗರ ಮೇಲೆ ಬೀದರಿನಲ್ಲಿ ಲಾಠಿ ಬಿದ್ದಿತ್ತು, ಆಮೇಲೆ ಗುಂಡು ಹಾರಿ ಇಬ್ಬರು ಸತ್ತಿದ್ದರು. ಏಳನೇ ತಾರೀಖಿನ ಸಂಜೆ ಭಾಲ್ಕಿ ಬಸ್ ನಿಲ್ದಾಣದಲ್ಲಿ ಮೂರು ಬಸ್ಸುಗಳು ಸುಟ್ಟಿದ್ದವು. ದೂರು ತಂದ ಸುಶೀಲಕುಮಾರ ಅದೇ ಭಾಲ್ಕಿ ಡಿಪೋದ ಕಂಡಕ್ಟರ್.

ಇನ್ಸ್‌ಪೆಕ್ಟರ್ ಖಾಸಿಂ ಅಲಿ ಚಿತ್ರವನ್ನು ಕೈಗೆತ್ತಿಕೊಂಡರು. ಫೋಟೋಕ್ಕೆ ಹೂಮಾಲೆ, ಎರಡೂ ಕಡೆ ದೀಪ, ಮೇಲೆ ದಪ್ಪಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’.

“ಇದು ನಿಮ್ಮದೇ ಫೋಟೋ?”

“ಹೌದ್ರಿ. ನಮ್ಮ ಕಾಲೇಜ್ ಬ್ಯಾಚಿನವರು ಭಾಲ್ಕ್ಯಾಗ ಸೇರಿದ್ದಾಗ ತಗದದ್ದು.”

“ಅವತ್ತು ನೀವು ಎಲ್ಲಿದ್ರಿ?”

“ಡಿಪೋದಾಗ್ರಿ. ಬಸ್ಸಿಗೆ ಬೆಂಕಿ ಹಚ್ಚಿದಾಗ ಓಡಿದ್ವಿ. ಫೋನ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಒಳಗ ಹಾಕಿ ಗೇಟ್ ಮುಚ್ಚಿದ್ರು. ಮತ್ತೊಬ್ಬರ ಫೋನಿನಾಗ ನನ್ನ ಹೆಂಡ್ತಿ ಸುಮನಗ ಹಚ್ಚೋತನಕ ಎಂಟು ಆಗಿತ್ತು.” ಅವನು ನಿಲ್ಲಿಸಿದ. “ಅಷ್ಟೊತ್ತಿಗೆ ನಮ್ಮವ್ವ ಇರಲಿಲ್ರಿ.”

ತಾಯಿಯ ಹೆಸರು ಸುಭದ್ರಾಬಾಯಿ. ಮಗ ಸತ್ತನೆಂಬ ಚಿತ್ರ ನೋಡಿ, ಅಣ್ಣನ ಮಗನ ಬೈಕಿನ ಮೇಲೆ ಔರಾದದಿಂದ ಭಾಲ್ಕಿಗೆ ಹೊರಟು, ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದಳು.

“ಕೆಳಗ ನೋಡ್ರಿ ಸಾಹೇಬ್ರ,” ಎಂದ ಸುಶೀಲಕುಮಾರ. ಚಿತ್ರದ ತಳದಲ್ಲಿ ಒಂದು ಸಾಲಿತ್ತು: ‘ಅಂತ್ಯಕ್ರಿಯೆ ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸ್ವಗ್ರಾಮದಲ್ಲಿ.’ “ಬೀಗರು, ಬಳಗದವರು ಇದೇ ಓದಿ ಹನ್ನೊಂದಕ್ಕ ಬಂದ್ರು. ನನ್ನ ಮಣ್ಣಿಗಂತ ಬಂದವರು ಅವ್ವನ ಮಣ್ಣು ಮಾಡಿ ಹೋದ್ರು.”

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಗೋರಖನಾಥನ ಪೆನ್ನು ನಿಂತಿತು. ಖಾಸಿಂ ಅಲಿ ಕೇಳಿದರು, “ಸಂಶಯ ಯಾರ ಮ್ಯಾಲ?”

“ಈ ಫೋಟೋ ಬ್ಯಾಚಿನವರ ಹತ್ರ ಬಿಟ್ರ ಯಾರ ಹತ್ರನೂ ಇಲ್ರಿ. ಗ್ರೂಪಿನಾಗ ನಾಲ್ವತ್ತು ಮಂದಿ ಅದೀವಿ. ಅರ್ಧ ಮಂದಿ ನಮ್ಮವ್ವನ ಕೈಲೆ ಉಂಡವರು. ಯಾರಂತ ಗೊತ್ತಾದ್ರ ಅವನೊಬ್ಬನ್ನ ಬಿಟ್ಟು ಉಳಿದವರ ಮಾರಿ ನೋಡ್ತೀನಿ. ಗೊತ್ತಾಗಲಿಲ್ಲಂದ್ರ ಯಾರ ಮಾರಿನೂ ನೋಡ್ಲಾಕ ಆಗಂಗಿಲ್ರಿ. ಅಷ್ಟೇ ನನಗ ಬೇಕಾಗಿದ್ದು.”

“ಜಗಳ ಯಾರ ಜೋಡಿ ಆಗಿತ್ತು?”

“ಎಲ್ಲರ ಜೋಡಿನೂ ಆಗಿತ್ರಿ. ಆ ವಾರ ಯಾರ ಜೋಡಿ ಯಾರು ಜಗಳ ಆಡಿಲ್ಲ?”

ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 353, ಸುಳ್ಳು ಸುದ್ದಿ ಹಬ್ಬಿಸಿದ್ದು. ಕಲಂ 106, ನಿರ್ಲಕ್ಷ್ಯದಿಂದ ಸಾವು. ಆರೋಪಿ ಅಪರಿಚಿತ.

ಕಾನ್‌ಸ್ಟೇಬಲ್ ಪ್ರಣಿತಾ ಆ ಚಿತ್ರವನ್ನು ಠಾಣೆಯ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಳು. ಹೆಸರಿನ ಕೆಳಗೆ, ಹೂಮಾಲೆಗೆ ತಾಗಿ, ಯಾರೂ ಓದದಷ್ಟು ಸಣ್ಣ ಅಕ್ಷರ.

“ಸರ್, ಇಲ್ಲಿ ಏನೋ ಬರದಾರ.” ಅವಳು ಓದಿದಳು: “‘ನಮ್ಮ ಕಂಡಕ್ಟರ್ ಸಾಹೇಬರ ಬುದ್ಧಿ ಇಂದು ಸಂಜೆ ಗ್ರೂಪಿನಲ್ಲಿ ವಾದ ಮಾಡುತ್ತಲೇ ತೀರಿಕೊಂಡಿತು.’”

ಗೋರಖನಾಥ ಎದ್ದು ಬಂದು ಪರದೆಯ ಮೇಲೆ ಬಗ್ಗಿದ.

“ಅಂದ್ರ ಚ್ಯಾಷ್ಟಿ,” ಎಂದ ಗೋರಖನಾಥ. “ಮತ್ತ ಅಂತ್ಯಕ್ರಿಯೆ ಯಾಕ ಬರದ? ಚ್ಯಾಷ್ಟಿಗಿ ಟೈಮ್ ಯಾಕ?”

ಪ್ರಣಿತಾ ತಳದ ಸಾಲನ್ನು ಇನ್ನಷ್ಟು ಹಿಗ್ಗಿಸಿದಳು. ದೀಪದ ಚಿತ್ರದ ಹಿಂದೆ ಅರ್ಧ ಮುಚ್ಚಿಹೋದ ಇನ್ನೂ ನಾಲ್ಕು ಶಬ್ದಗಳಿದ್ದವು. ‘ದುಃಖತಪ್ತರು: ಗಂಜ ಹಮಾಲರ ಬಳಗ.’

“ಕಂಡಕ್ಟರಿಗೂ ಗಂಜಿನ ಹಮಾಲರಿಗೂ ಏನ್ ಸಂಬಂಧ?” ಎಂದರು ಖಾಸಿಂ ಅಲಿ.

ಮರುದಿನ ಬೆಳಿಗ್ಗೆ ಘಟನಾ ಸ್ಥಳದ ಪಂಚನಾಮೆ. ಸಂತಪುರದ ಹತ್ತಿರ ರಸ್ತೆಯ ಮೇಲೆ ಸುಟ್ಟ ಟೈರುಗಳ ಕಪ್ಪು ಇನ್ನೂ ಉಳಿದಿತ್ತು. ಬೈಕ್ ನಡೆಸಿದ್ದ ವಿಶ್ವಾಸ ಪಂಚರಿಗೆ ಜಾಗ ತೋರಿಸಿದ.

“ಇಲ್ಲಿ ತಡೆದ್ರು. ಹುಡುಗರು ಕೆಟ್ಟವರಲ್ರಿ, ಮಗ ಸತ್ತಾನಂತ ಹೇಳಿದ ಕೂಡ್ಲೇ ಟೈರು ಸರಸಿದ್ರು. ಒಬ್ಬ ನೀರೂ ಕೊಟ್ಟ. ಅತ್ತಿ ಕುಡೀಲಿಲ್ಲ. ಹಿಂಗ ಕಟ್ಟಿ ಮ್ಯಾಲ ಕುಂತಳು. ಏಳಲೇ ಇಲ್ಲ.”

“ದಾರ್‍ಯಾಗ ಏನರೇ ಅಂದಳೇನು?”

“ಇಲ್ರಿ. ಒಂದ ಮಾತೂ ಆಡಲಿಲ್ಲ.”

ಅದೇ ಮಧ್ಯಾಹ್ನ ಸುಭದ್ರಾಬಾಯಿಯ ಪಕ್ಕದ ಮನೆಯ ಶಾಲುಬಾಯಿಯ ಹೇಳಿಕೆ ಪಡೆದರು. ಚಿತ್ರ ಅವಳ ಮೊಬೈಲಿಗೆ ಓಣಿಯ ಗ್ರೂಪಿನಿಂದ ಬಂದಿತ್ತು. ಅವಳೇ ಓದಿ ಹೇಳಿದ್ದಳು.

“ಎಲ್ಲಾ ಓದಿದಿರೇನು?” ಎಂದು ಪ್ರಣಿತಾ ಕೇಳಿದಳು.

“ಯಾರ ಓದ್ತಾರ ಯವ್ವಾ? ಮಾಲಿ ನೋಡಿದೆ, ಹೆಸರು ನೋಡಿದೆ, ಮಣ್ಣು ಯಾವಾಗ ಅಂತ ನೋಡಿದೆ. ನಾನೂ ಕೈ ಮುಗಿದದ್ದು ಒಂದು ಹಾಕಿ ನಮ್ಮ ತಂಗಿಗಿ ಕಳಿಸಿಬಿಟ್ಟೆ.” ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಹಂಗೇ ಮಾಡ್ತೀವಲ್ಲ ಯಾರ್ ಸತ್ರೂ.”

“ಆಕಿ ನಂಬಿದ್ಳೇನು?”

“ಇಲ್ರಿ! ‘ಮೋಬೈಲಿನಾಗ ನೂರಾ ಎಂಟು ಬರ್ತಾವ ಶಾಲೂ, ಬಾಯಿ ಮುಚ್ಚು’ ಅಂತ ನನಗೇ ಬೈದ್ಳು. ಸುಶೀಲಗ ಹಚ್ಚಿದ್ಲು, ಬಂದ್ ಇತ್ತು. ಸೊಸಿಗಿ ಹಚ್ಚಿದ್ಲು, ಆಕಿಗೂ ಗೊತ್ತಿಲ್ಲ. ಆದ್ರೂ ನಂಬಲಿಲ್ಲ. ಜ್ವಾಳದ ಹಿಟ್ಟು ನಾದಿಟ್ಟಿದ್ಲು, ರೊಟ್ಟಿ ಬಡೀಲಾಕ ಕುಂತಳು. ಆಮ್ಯಾಲ ಒಂದು ಫೋನ್ ಬಂತು.”

“ಯಾರದು?”

“ಗೊತ್ತಿಲ್ಲ. ಆ ಕಡಿಂದ ಮಾತೇ ಇಲ್ರಿ. ಇಕಿನೇ ‘ಖರೇ ಏನೋ? ಖರೇ ಏನು ಹೇಳೋ ತಮ್ಮಾ’ ಅಂತ ಮೂರ್‍ನಾಕ ಸಲ ಕೇಳಿದ್ಲು. ಆಮ್ಯಾಲ ಫೋನ್ ಕೆಳಗಿಟ್ಟು, ಒಲಿ ಆರಿಸಿ, ಚಪ್ಪಲಿ ಹುಡುಕ್ಲಾಕ ಹತ್ತಿದ್ಲು.”

ಹೊರಗೆ ಬಂದು ಜೀಪು ಹತ್ತುವಾಗ ಖಾಸಿಂ ಅಲಿ ಹೇಳಿದರು, “ಆಕಿ ನಂಬರಿಗಿ ಬಂದ ಕರೆಗಳ ವಿವರ ತರಸ್ರಿ. ಇವತ್ತೇ ಪತ್ರ ಹೋಗ್ಲಿ.”

“ಈ ಗದ್ದಲದಾಗ ಕಂಪನಿಯವರು ಜಲ್ದಿ ಕೊಡಂಗಿಲ್ರಿ ಸಾಹೇಬ್ರ.”

“ಕೊಡೋತನಕ ಕಾರ್ಡಿನ ಬೆನ್ನು ಹತ್ತೋಣ.”

ಭಾಲ್ಕಿಯಲ್ಲಿ ಅವರು ಬ್ಯಾಚಿನ ಏಳು ಜನರನ್ನು ಕಂಡರು. ಒಬ್ಬ ಕಿರಾಣಿ ಅಂಗಡಿಯವನು, ಒಬ್ಬ ವಿಮೆಯ ಏಜೆಂಟ್, ಇಬ್ಬರು ಮಾಸ್ತರರು. ಎಲ್ಲರ ಫೋನಿನಲ್ಲೂ ಬ್ಯಾಚಿನ ಗ್ರೂಪು ತೊಳೆದಿಟ್ಟ ತಾಟಿನ ಹಾಗಿತ್ತು. ಹಳೆಯದೇನೂ ಇಲ್ಲ.

“ಯಾಕ ಅಳಿಸಿದ್ರಿ?”

“ಫೋನ್ ಹ್ಯಾಂಗ್ ಆಗ್ತಿತ್ರಿ.”

“ಏಳೂ ಮಂದಿದು ಹ್ಯಾಂಗ್ ಆಗ್ತಿತ್ತೇನು?”

ವಿಮೆ ಏಜೆಂಟ್ ಮುಗುಳ್ನಗಲು ನೋಡಿ ಬಿಟ್ಟುಬಿಟ್ಟ. ಕಾರ್ಡ್ ಯಾರು ಹಾಕಿದರು? ನೋಡಿಲ್ಲ. ನೀವು ಮುಂದೆ ಕಳಿಸಿದಿರಾ? ನೆನಪಿಲ್ಲ. ಖಾಸಿಂ ಅಲಿಗೆ ಅದು ಅರ್ಥವಾಗತೊಡಗಿತು. ಅವರು ಯಾರೋ ಒಬ್ಬನನ್ನು ಕಾಪಾಡುತ್ತಿರಲಿಲ್ಲ. ಪ್ರತಿಯೊಬ್ಬನೂ ಓದದೆ ಕೈ ಮುಗಿದು, ಓದದೆ ಹತ್ತು ಕಡೆ ಕಳಿಸಿದ್ದ. ಒಬ್ಬನ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ತನ್ನ ಕಡೆಗೇ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಕೊನೆಗೆ ಕಂಡದ್ದು ಐಶ್ವರ್ಯಾಳನ್ನು. ಖಾಸಗಿ ದವಾಖಾನೆಯಲ್ಲಿ ನರ್ಸ್. ಅವಳು ನಿಂತೇ ಮಾತಾಡಿದಳು.

“ಸುಶೀಲಂದು ಹೋರಾಟದ ಕಡೀರಿ. ಅವನ ಹೆಂಡ್ತಿ ಸುಮನಾ ಆ ಪರೀಕ್ಷಾ ಬರದಿದ್ಲು, ಪಾಸಾಗಿರಲಿಲ್ಲ. ‘ಬಸ್ ಸುಟ್ಟರ ಇನ್ನೊಂದು ಬಸ್ ಬರ್ತದ, ವಯಸ್ಸು ಹೋದ್ರ ಬರಂಗಿಲ್ಲ’ ಅಂತ ಬರದಿದ್ದ, ತಾನೇ ಕಂಡಕ್ಟರ್ ಇದ್ದು! ‘ನೌಕರಿ ಇದ್ದವಗ ಹೋರಾಟ ಭಾಳ ಚೆಂದ ಕಾಣ್ತದ’ ಅಂತ ಯಾರೋ ಅಂದ್ರು. ನಕ್ಕವರು ನಕ್ಕರು. ಆಮ್ಯಾಲ ನಗು ನಿಂತುಹೋಯ್ತು.”

“ಯಾಕ?”

“ನಮ್ಮ ಬ್ಯಾಚಿನಾಗೂ ಆಯ್ಕಿಪಟ್ಟಿದಾಗ ಒಬ್ಬ ಇದ್ದಾನ್ರಿ. ‘ನಾ ಓದಿ ಪಾಸಾಗೀನಿ, ಕಳ್ಳರ ಜೋಡಿ ನನ್ನೂ ಸುಡ್ತೀರೇನು’ ಅಂತ ಕೇಳಿದ. ಸುಶೀಲ ಬರದ, ‘ಪಟ್ಟಿದಾಗ ಇದ್ದವರು ಎಲ್ಲಾ ಕಳ್ಳರೇ.’”

“ಆ ಒಬ್ಬ ಯಾರು?”

ಅವಳು ವಾರ್ಡಿನ ಕಡೆಗೆ ನೋಡಿದಳು. “ಮಣ್ಣಿನ ದಿವಸ ನಮ್ಮಲ್ಲಿ ಯಾರೂ ಔರಾದಕ್ಕ ಹೋಗಲಿಲ್ರಿ, ದಾರಿ ಬಂದ್ ಅಂತ. ಬೀದರದಿಂದ ಬಸವಕಿರಣ ಒಬ್ಬನೇ ಹ್ಯಾಂಗೋ ಹೋಗಿ ಹೆಗಲು ಕೊಟ್ಟ.” ಅಷ್ಟು ಹೇಳಿ, ಇಂಜೆಕ್ಷನ್ ಹೊತ್ತಾಯಿತೆಂದು ಒಳಗೆ ಹೋದಳು.

ಗೋರಖನಾಥ ಹೊರಗೆ ಬಂದು, “ಕೇಳಿದ್ದು ಒಂದು, ಹೇಳಿದ್ದು ಒಂದು,” ಎಂದ.

“ಇಲ್ಲ,” ಎಂದರು ಖಾಸಿಂ ಅಲಿ. “ಕೇಳಿದ್ದಕ್ಕೇ ಹೇಳ್ಯಾಳ.”

ಬೀದರಿನ ಕಾಳುಪೇಟೆಯಾದ ಗಾಂಧಿ ಗಂಜಿನಲ್ಲಿ ಲಾರಿಗಳು ಮತ್ತೆ ಬಂದು ನಿಂತಿದ್ದವು. ಹೆಸರುಕಾಳಿನ ಚೀಲ ಇಳಿಸುತ್ತಿದ್ದ ಹಮಾಲರಲ್ಲಿ ಹಿರಿಯ ಮುರ್ತುಜಾ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

“ಮಾರಿ ಬ್ಯಾರೆ ಅದ ಸಾಹೇಬ್ರ. ಆದ್ರ ದೀಪ, ಮಾಲಿ, ಇದು ನಮ್ಮ ತುಕಾರಾಮಂದು. ಹೋದ ತಿಂಗಳು ಲಾರಿ ಹಿಂದ ಬಂದು ಬಡದು ಸತ್ತನಲ್ಲ, ಅವಂದು. ಚೌಕಿನಾಗ ಫ್ಲೆಕ್ಸ್ ಹಚ್ಚಿದ್ವಿ.”

“ಮಾಡಿಕೊಟ್ಟವರು ಯಾರು?”

“ನೌಬಾದದಾಗ ಸುಫಿಯಾನನ ಫ್ಲೆಕ್ಸ್ ಅಂಗಡಿ ಅದ. ಅಲ್ಲಿ ನಮ್ಮ ಗಂಜಿನಾಗ ಲೆಕ್ಕ ಬರಿಯೋ ಶಿವರಾಜಪ್ಪ ಮುನೀಮರ ಮಗ ಕೆಲಸ ಮಾಡ್ತಾನ. ರೊಕ್ಕ ತಗೋಳಿಲ್ರಿ. ‘ಕಾಕಾ, ತುಕಾರಾಮ ಕಾಕಾ ನನ್ನ ಸಣ್ಣಾಂವಿದ್ದಾಗ ಬಂಡಿ ಮ್ಯಾಲ ಕೂಡಿಸಿ ಗಂಜ್ ತಿರುಗಿಸ್ಯಾನ’ ಅಂದ. ಭಾಳ ಛಲೋ ಹುಡುಗ.” ಮುರ್ತುಜಾ ಚಿತ್ರ ಹಿಂದಿರುಗಿಸಿದ. “ಯಾಕ್ರಿ, ಏನರೇ ಆಗ್ಯಾದೇನು?”

ಸುಫಿಯಾನ ಹೆದರಿದ್ದ. ಹೆದರಿದ್ದರಿಂದ ಹೆಚ್ಚು ಮಾತಾಡಿದ.

“ಸಾಹೇಬ್ರ, ಸತ್ತವರ ಕಾರ್ಡ್ ಹೊಸಾದು ಯಾರ್ ಮಾಡ್ತಾರ? ಹಳೇದು ತಗೀಬೇಕು, ಫೋಟೋ ಬದಲಿ, ಹೆಸರು ಬದಲಿ. ಹುಟ್ಟಿದ ಹಬ್ಬದ್ದು ಒಂದ್ ದಿನ ತಡ ಆದ್ರ ನಡೀತದ, ಇದು ನಡ್ಯಂಗಿಲ್ಲ. ಗಡಿಬಿಡ್ಯಾಗ ಹಿಂದಿನವರದು ಒಂದೊಂದು ಸಾಲು ಉಳೀತದ. ನಮ್ಮಲ್ಲಿ ಅಷ್ಟೇ ಅಲ್ಲ, ಎಲ್ಲಾ ಅಂಗಡ್ಯಾಗ.”

“ಏಳನೇ ತಾರೀಖು ಸಂಜಿಗಿ ಇಲ್ಲಿ ಯಾರ್ ಇದ್ರು?”

“ಗಲಾಟಿ ಅಂತ ನಾ ಜಲ್ದಿ ಹೋಗಿದ್ದೆ. ಮುನೀಮರ ಮಗ ಇದ್ದ, ಬಸವಕಿರಣ.”

ಪ್ರಣಿತಾ ಕಂಪ್ಯೂಟರಿನಲ್ಲಿ ಎರಡೂ ಕಡತಗಳನ್ನು ಒಂದರ ಪಕ್ಕ ಒಂದು ತೆರೆದಳು. ತುಕಾರಾಮನ ಹೂಮಾಲೆಯಲ್ಲಿ ಸುಶೀಲಕುಮಾರನ ಮುಖ ನಗುತ್ತಿತ್ತು; ತಳದ ಹನ್ನೊಂದು ಗಂಟೆಯ ಸಾಲು ಎರಡರಲ್ಲೂ ಒಂದೇ ಇತ್ತು. ಇಬ್ಬರು ಪಂಚರ ಮುಂದೆ ಜಪ್ತಿ ಪಂಚನಾಮೆ ಮಾಡಿ ಯಂತ್ರಕ್ಕೆ ಮೊಹರು ಹಾಕಿದರು. ಅಷ್ಟರಲ್ಲಿ ಕರೆಗಳ ವಿವರವೂ ಬಂತು. ಏಳನೇ ತಾರೀಖು ಸಂಜೆ ಸುಭದ್ರಾಬಾಯಿಗೆ ಬಂದ ಕೊನೆಯ ಕರೆ, ಒಂದು ನಿಮಿಷಕ್ಕಿಂತ ಕಡಿಮೆ. ನಂಬರು ಬಸವಕಿರಣನದು.

ಇಷ್ಟಕ್ಕೆ ನೋಟಿಸು ಸಾಕೆಂದು ಖಾಸಿಂ ಅಲಿಗೆ ಅನಿಸಿತ್ತು. ಮೇಲಿನವರಿಗೆ ಫೋನ್ ಮಾಡಿ ಹಾಗೇ ಹೇಳಿದರು. ಈ ಗಲಾಟೆ ಮುಗಿಯುವ ತನಕ ಸುಳ್ಳು ಸುದ್ದಿ ಹಬ್ಬಿಸಿದವರಿಗೆ ನೋಟಿಸಿಲ್ಲ, ಬಂಧನವೇ ಎಂದು ಉತ್ತರ ಬಂತು.

ಹದಿನೇಳನೇ ತಾರೀಖು ಬೆಳಿಗ್ಗೆ ನೌಬಾದದ ಮನೆಯ ಮುಂದೆ ಜೀಪು ನಿಂತಿತು. ಬಾಗಿಲು ತೆರೆದ ಶಿವರಾಜಪ್ಪನವರು ಗಂಜಿಗೆ ಹೋಗಲು ತಯಾರಾಗಿ, ಹಣೆಗೆ ವಿಭೂತಿ ಹಚ್ಚಿ ನಿಂತಿದ್ದರು. ಸಮವಸ್ತ್ರ ನೋಡಿದ ಕೂಡಲೇ ಅವರ ಮುಖ ಅರಳಿತು.

“ಬರ್ರಿ, ಬರ್ರಿ ಸಾಹೇಬ್ರ! ಮಗನ ನೌಕರಿ ವೆರಿಫಿಕೇಶನ್ನಿಗಿ ಬಂದೀರಲ್ರಿ? ಪಟ್ಟಿ ರದ್ದಾಗ್ತದಂತ ಮಂದಿ ಏನೇನೋ ಅಂತಿದ್ರು. ಏ ವಿಮಲಾ, ಚಹಾ ಇಡು! ಪೊಲೀಸ್‌ನವರು ಬಂದಾರ ನೋಡು, ವೆರಿಫಿಕೇಶನ್ನಿಗಿ!”

ಯಾರೂ ಬೇಡವೆನ್ನಲಿಲ್ಲ. ಅಂಥ ಮಾತಿಗೆ ಬೇಡವೆನ್ನುವುದು ಹೇಗೆಂದು ಮೂವರಿಗೂ ತಿಳಿಯಲಿಲ್ಲ. ವಿಮಲಾಬಾಯಿ ಚಹಾದ ಜೊತೆ ತಾಟಿನಲ್ಲಿ ಕರದಂಟು ಇಟ್ಟು ತಂದಳು. “ಎಂಟು ವರ್ಷ ಓದ್ಯಾನ್ರಿ. ಇದೇ ಕಡೀ ಸಲ ಇತ್ತು ನೋಡ್ರಿ, ವಯಸ್ಸು ಮುಗೀತಿತ್ತು,” ಎಂದಳು.

ಬಸವಕಿರಣ ಒಳಕೋಣೆಯ ಬಾಗಿಲಲ್ಲಿ ಬಂದು ನಿಂತ. ತೆಳ್ಳಗಿದ್ದ. ಖಾಸಿಂ ಅಲಿಯ ಮುಖ ನೋಡಿ, ತಾಯಿಯ ಕೈಯಲ್ಲಿದ್ದ ತಾಟು ನೋಡಿ, ಅವನು ಹೇಳಿದ, “ಅವ್ವಾ, ನೀ ಒಳಗ ಹೋಗು.”

ಅವಳು ಹೋಗಲಿಲ್ಲ.

“ಕಾರ್ಡ್ ನೀವು ಮಾಡಿದ್ದಾ?”

“ಹೌದ್ರಿ.”

“ಗ್ರೂಪಿನಿಂದ ಅಳಿಸಲಿಲ್ಲೇನು?”

“ಹಾಕಿ ಇಪ್ಪತ್ತು ನಿಮಿಷಕ್ಕ ಅಳಿಸಿದೆರಿ. ಎಲ್ಲಾರೂ ಕೈ ಮುಗಿದದ್ದು ಹಾಕ್ಲಾಕ ಹತ್ತಿದ್ರು. ನಗ್ತಾರಂತ ತಿಳಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಅದಾದ ಮ್ಯಾಲ ನೆಟ್ ಹೋಯ್ತು.”

“ಫೋನ್ ನಡೀತಿತ್ತು.”

ಅವನು ತಾಯಿಯ ಕಡೆ ನೋಡಿದ.

“ಸುಭದ್ರಾಬಾಯಿಗ ಫೋನ್ ಹಚ್ಚೀರಿ. ಏನ್ ಹೇಳಿದ್ರಿ?”

“ಏನೂ ಹೇಳಿಲ್ರಿ.”

“ಹೇಳಲಿಕ್ಕೇ ಅಲ್ಲೇನು ಹಚ್ಚಿದ್ದು?”

“ಅದಕ್ಕೇರಿ.” ಅವನ ದನಿ ಬಹಳ ಸಣ್ಣಗಾಯಿತು. “‘ಅವ್ವಾ, ಕಾರ್ಡ್ ಸುಳ್ಳ’ ಅನ್ನಬೇಕಿತ್ತು. ಆಕಿ ನನ್ನ ನಂಬರ್ ನೋಡೇ ‘ಖರೇ ಏನೋ ತಮ್ಮಾ’ ಅಂದ್ಳು. ಸುಳ್ಳ ಅಂದ್ರ ನಿನಗ ಹ್ಯಾಂಗ ಗೊತ್ತು, ಯಾರ್ ಮಾಡ್ಯಾರ ಅಂತ ಕೇಳ್ತಾಳ. ನನ್ನ ಹೆಸರು ಬರ್ತದ. ಕೇಸ್ ಆಗ್ತದ. ವೆರಿಫಿಕೇಶನ್ ಬಾಕಿ ಇತ್ರಿ. ಅಷ್ಟು ವಿಚಾರ ಮಾಡೋತನಕ ಆಕಿ ಫೋನ್ ಇಟ್ಟಿದ್ಳು. ನಾ ಸುಮ್ಮ ಇದ್ದದ್ದು ನೋಡಿ ಖರೇ ಅಂತ ತಿಳಕೊಂಡ್ಳು.”

“ಮತ್ತೊಮ್ಮೆ ಹಚ್ಚಲಿಲ್ಲ?”

“ಯಾರರೇ ಹೇಳಿರ್ತಾರ ಅಂತ ಬಿಟ್ಟೆರಿ.”

ಶಿವರಾಜಪ್ಪನವರು ಕುರ್ಚಿಯ ಹಿಂಬದಿ ಹಿಡಿದು ನಿಂತಿದ್ದರು. ಬಂಧನದ ಜ್ಞಾಪನಕ್ಕೆ ಸಂಬಂಧಿಕರ ಸಹಿ ಬೇಕೆಂದು ಗೋರಖನಾಥ ಕಾಗದ ಮುಂದಿಟ್ಟಾಗ ಅವರು ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಲೆಕ್ಕ ಬರೆದು ಬರೆದು ಪಳಗಿದ ಅಕ್ಷರ ಸ್ವಲ್ಪವೂ ಅಲುಗಲಿಲ್ಲ. ಆಮೇಲೆ ಕೇಳಿದರು, “ಇದರಿಂದ ನೌಕರಿಗಿ ತ್ರಾಸ ಆಗ್ತದೇನ್ರಿ?”

ವಿಮಲಾಬಾಯಿ ಗಂಡನ ಕಡೆ ತಿರುಗಿದಳು. “ಒಂದು ಜೀವ ಹೋಗ್ಯಾದ ರೀ,” ಎಂದಳು.

ಸುಶೀಲಕುಮಾರನನ್ನು ಸಂಜೆ ಠಾಣೆಗೆ ಕರೆಸಿದರು. ಖಾಸಿಂ ಅಲಿ ಹೆಸರು ಹೇಳಿದರು, ಫೋನಿನ ವಿಷಯವನ್ನೂ ಹೇಳಿದರು. ಅವನು ಎದ್ದು ಬಸವಕಿರಣನನ್ನು ಕೂಡಿಸಿದ್ದ ಬೆಂಚಿನ ಹತ್ತಿರ ಹೋಗಿ ನಿಂತ.

“ನಿನಗ ಕಳ್ಳ ಅಂದಿದ್ದೆ ನಾನು. ನನಗ ಬೈಬೇಕಿತ್ತಲ್ಲೋ. ನನ್ನ ಮನಿಗಿ ಬಂದು ಹೊಡೀಬೇಕಿತ್ತು.”

ಬಸವಕಿರಣ ತಲೆ ಎತ್ತಲಿಲ್ಲ.

“‘ಅದಾನ’ ಅಂತ ಒಂದೇ ಮಾತು, ಕಿರ್‍ಯಾ. ಒಂದೇ ಒಂದು ಮಾತು.”

ಉತ್ತರಕ್ಕಾಗಿ ಅವನು ಕಾದ. ಬೆಂಚಿನ ಮೇಲಿದ್ದವನ ಭುಜ ಅಲುಗಿತು, ಬಾಯಿ ತೆರೆಯಿತು, ದನಿ ಬರಲಿಲ್ಲ. ಸುಶೀಲಕುಮಾರ ಹಿಂದಿರುಗಿ ಬಂದು ಕೇಳಿದ, “ದೂರು ವಾಪಸ್ ತಗೋಬಹುದೇನ್ರಿ?”

“ಬರಂಗಿಲ್ಲ. ಇನ್ನ ಅದು ನಿಮ್ಮ ಕೈಯಾಗಿಲ್ಲ.”

“ಹಂಗಾದ್ರ ಛಲೋ ಆತು ಬಿಡ್ರಿ,” ಎಂದು ಅವನು ಹೊರಟ. ವಾಪಸು ತೆಗೆದುಕೊಳ್ಳಲು ಅವನಿಗೆ ಮನಸ್ಸಿತ್ತೋ ಇರಲಿಲ್ಲವೋ, ಆ ಮಾತಿನಿಂದ ಖಾಸಿಂ ಅಲಿಗೆ ತಿಳಿಯಲಿಲ್ಲ.

ಕೇಸ್ ಡೈರಿ ಬರೆಯುವಾಗ ಗೋರಖನಾಥ ಪಕ್ಕದಲ್ಲಿ ನಿಂತಿದ್ದ. “ಕಾರಣ ಅಂತ ಕೇಳಿದಲ್ಲಿ ಸಿಟ್ಟು ಅಂತ ಬರೀರಿ ಸಾಹೇಬ್ರ. ಆನ್‌ಲೈನ್ ಜಗಳ, ಸಿಟ್ಟು. ಕೋರ್ಟಿಗಿ ಜಲ್ದಿ ತಿಳೀತದ.”

“ಸಿಟ್ಟು ಇಪ್ಪತ್ತು ನಿಮಿಷದಾಗ ಇಳದಿತ್ತಲ್ಲ. ಅದಕ್ಕೇ ಅಳಿಸ್ಯಾನ.”

“ಮತ್ತ?”

ಖಾಸಿಂ ಅಲಿ ಸ್ವಲ್ಪ ಯೋಚಿಸಿ ಬರೆದರು: ಆರೋಪಿಯು ಎಂಟು ವರ್ಷಗಳ ಪ್ರಯತ್ನದ ನಂತರ ದೊರೆತ ಸರ್ಕಾರಿ ನೌಕರಿ ಕೈತಪ್ಪುವುದೆಂಬ ಭಯದಿಂದ, ಸತ್ಯ ತಿಳಿದಿದ್ದೂ, ಮೃತಳು ಕೇಳಿದಾಗ ಹೇಳದೆ ಸುಮ್ಮನಿದ್ದನು.

ಓದಿ ನೋಡಿ, ತಾರೀಖು ಹಾಕಿ ಸಹಿ ಮಾಡಿದರು. ಆಯ್ಕೆಪಟ್ಟಿ ಉಳಿಯುತ್ತದೋ ರದ್ದಾಗುತ್ತದೋ, ಆ ದಿನದವರೆಗೂ ಸರ್ಕಾರ ಏನನ್ನೂ ಹೇಳಿರಲಿಲ್ಲ.